ಖಾಲಿ ಯಾದಿ

ಹಸಿರು, ಮತ್ತೆ ಹಸಿರು, ತೊರವಿ ದಾಟಿದ ಮೇಲೆ ಬಸ್ಸಿನ ಕಿಟಕಿಯಾಚೆ ಮಣೂಕದ ಶೆಡ್ಡುಗಳು ಒಂದರ ಹಿಂದೊಂದು ಬರುತ್ತಿವೆ, ಪ್ರತಿಯೊಂದಕ್ಕೂ ಅದೇ ಹಸಿರು ಬಲೆ, ಒಳಗೆ ದ್ರಾಕ್ಷಿ ಒಣಗುತ್ತಿರಬೇಕು, ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಬಲೆಯ ಬಣ್ಣ ಅಷ್ಟೇ — ಜನಕ್ಕೆ ಹಸಿರು ಕಂಡರೆ ಮುಗಿಯಿತು, ಎಲ್ಲ ಸರಿ ಇದೆ ಎಂದುಕೊಂಡು ಮುಂದೆ ಹೋಗುತ್ತಾರೆ, ಯಾವ ಪುಣ್ಯಾತ್ಮ ಶುರು ಮಾಡಿದನೋ ಇದನ್ನು, ತಬಸ್ಸುಮ ಕಿಟಕಿಯಿಂದ ಮುಖ ತಿರುಗಿಸಿದಳು, ಮುಂದಿನ ಸೀಟಿನ ಹರಿದ ರೆಕ್ಸಿನ್ ನೋಡುತ್ತ ಕುಳಿತಳು, ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಒಂದೇ ಒಂದು ಹಾಳೆ, ಹಾಳೆಯ ಕೆಳಗೆ ಅವಳದೇ ಸಹಿ. ಹನ್ನೊಂದು ಗಂಟೆಗೆ ತಿಕೋಟಾದ ದವಾಖಾನೆಯಲ್ಲಿ ವಿಚಾರಣೆ. ವಿಚಾರಣೆ ಅವಳದಲ್ಲ, ನರ್ಸ್ ಗೀತಾಂಜಲಿಯದು, ಇವಳು ಹೋಗುತ್ತಿರುವುದು ದವಾಖಾನೆಗೆ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯ ಪರವಾಗಿ, ಹಾಳೆ ಕೊಟ್ಟು ಒಂದು ಮಾತು ಹೇಳಿ ಮಧ್ಯಾಹ್ನದ ಊಟಕ್ಕೆ ವಿಜಯಪುರಕ್ಕೆ ವಾಪಸು ಬರುವುದು, ಅಷ್ಟೇ ಕೆಲಸ. ಯುನುಸ ಸರ್ ಬೆಳಿಗ್ಗೆ ಹೇಳಿ ಕಳಿಸಿದ್ದು ಇನ್ನೂ ಕಿವಿಯಲ್ಲಿದೆ, ಕಂಪನಿಯ ಮಾಲೀಕರು, ಎಂಟು ವರ್ಷದ ಹಿಂದೆ ಅವಳಿಗೆ ಮೊದಲ ಕೆಲಸ ಕೊಟ್ಟವರು, ಒಂದು ದಿನ ದನಿ ಎತ್ತಿ ಮಾತಾಡಿದವರಲ್ಲ, ಇವತ್ತೂ ಎತ್ತಲಿಲ್ಲ, ನೋಡು ಬೇಟಾ, ನಾವೇನ ಸುಳ್ಳ ಹೇಳಾಕತ್ತಿಲ್ಲ, ಅವರು ಕೇಳಿದ್ದಕ್ಕಷ್ಟ ಹೌದು ಇಲ್ಲ ಅನ್ನು, ಕೇಳದ್ದನ್ನ ಹೇಳಾಕ ಹೋಗಬ್ಯಾಡ, ಯಾದಿ ಪರದಿಗೆ ಬಂದಿತ್ತೋ ಇಲ್ಲೋ ಅಂತ ಕೇಳ್ತಾರ, ಬಂದಿತ್ತು ಅನ್ನು, ಬಂದಿತ್ತಲ್ಲ ಮತ್ತ. ಬಂದಿತ್ತು, ಹೌದು, ಬಂದದ್ದರಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ, ಹಾಗೆ ಕೇಳಬೇಕೆಂದು ಗೊತ್ತಿರುವವರು ಮೂರೇ ಜನ, ಮೂವರೂ ಒಂದೇ ಆಫೀಸಿನಲ್ಲಿ ಕೂಡುವವರು. ಕಂಡಕ್ಟರ್ ಬಂದು ನಿಂತ, ಆಧಾರ ತೋರಸ್ರಿ ಅಕ್ಕಾರ, ತೋರಿಸಿದಳು, ಟಿಕೆಟ್ ಹರಿದು ಕೈಗಿಟ್ಟ, ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೂ ಟಿಕೆಟ್ ಕೊಡುತ್ತಾನೆ, ಸೊನ್ನೆ ರೂಪಾಯಿ ಎಂದು ಅದರಲ್ಲಿ ಅಚ್ಚಾಗಿದೆ, ಸೊನ್ನೆಯನ್ನೂ ಬರೆದು ಕೊಡುತ್ತಾರೆ ಇವರು, ಬಿಳಿ ಚೀಟಿ ಕೊಟ್ಟು ನೀನೇ ತಿಳಿದುಕೋ ಎನ್ನುವುದಿಲ್ಲ, ಹತ್ತನೆಯ ಇಯತ್ತೆ ಓದಿದ ಕಂಡಕ್ಟರನಿಗೆ ಇರುವ ಬುದ್ಧಿ ಇಂಜಿನಿಯರಿಂಗ್ ಓದಿದ ತನಗೆ ಯಾಕೆ ಬರಲಿಲ್ಲ. ಟಿಕೆಟನ್ನು ಮಡಿಚಿ ಮೊಬೈಲಿನ ಕವರಿನಲ್ಲಿಟ್ಟಳು.

ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್, ಅವಳ ಕೆಲಸದ ಪದ್ಧತಿ, ಹೆಸರು ಹೇಳುವಷ್ಟರಲ್ಲಿ ನಾಲಿಗೆ ಸೋಲುತ್ತದೆ, ಮನೆಯಲ್ಲಿ ಅಮ್ಮಿ ರಾಜಬಿ ಒಮ್ಮೆ ಕೇಳಿದ್ದಳು, ದಿನಾ ಆ ಡಬ್ಬಿ ಮುಂದ ಕುಂತು ಏನ ಮಾಡ್ತೀಯಬೇ, ಆಗ ತಬಸ್ಸುಮ ಮದುವೆ ದಾವತ್ತಿನ ಅಡುಗೆಯ ಉದಾಹರಣೆ ಕೊಟ್ಟು ಹೇಳಿದ್ದಳು, ನೋಡ ಅಮ್ಮಿ, ಮೊದಲ ಎಲ್ಲಾ ಒಬ್ಬನ ಬಾವರ್ಚಿ ಮಾಡ್ತಿದ್ದ, ಅವಗ ಜ್ವರ ಬಂತಂದ್ರ ಇಡೀ ದಾವತ್ ನಿಂತಹೋಗ್ತಿತ್ತು, ಈಗ ಬಿರ್ಯಾನಿಗೆ ಒಬ್ಬಂವ, ಸಾರಿಗೆ ಒಬ್ಬಂವ, ರೊಟ್ಟಿಗೆ ಒಬ್ಬಾಕಿ, ಒಬ್ಬರ ಹಂಡ್ಯಾಗ ಒಬ್ಬರು ಹಣಿಕಿ ಹಾಕಂಗಿಲ್ಲ, ಬೇಕಾದ್ದನ್ನ ಬಾಯಿಬಿಟ್ಟ ಕೇಳಬೇಕು, ಅಂವ ಕೊಡಬೇಕು, ಅಷ್ಟ. ಅಮ್ಮಿ ನಕ್ಕಿದ್ದಳು, ಹಂಗಾದ್ರ ಉಪ್ಪ ಯಾರ ನೋಡೋರು. ಆಗ ನಾನೂ ನಕ್ಕಿದ್ದೆನಲ್ಲ, ನಕ್ಕು ಮರೆತೆನಲ್ಲ, ಅಮ್ಮಿಯ ಮಾತು ಆಫೀಸಿನ ಮೀಟಿಂಗಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಹೇಳಿದ್ದರೆ ಬರೆದುಕೊಳ್ಳುತ್ತಿದ್ದೆ. ದವಾಖಾನೆ ವಿಜಯಪುರದಲ್ಲಿ ದೊಡ್ಡದು, ತಿಕೋಟಾದಲ್ಲೊಂದು ಬಬಲೇಶ್ವರದಲ್ಲೊಂದು ಸಣ್ಣ ಶಾಖೆ, ಹಳೆಯ ಸಾಫ್ಟ್‌ವೇರು ಸಿಕ್ಕಾದ ನೂಲಿನ ಉಂಡೆ, ಒಂದು ಎಳೆ ಎಳೆದರೆ ಇನ್ನೊಂದು ಬಿಗಿಯುತ್ತಿತ್ತು, ಅದನ್ನು ಬಿಡಿಸಿ ತುಂಡು ತುಂಡು ಸರ್ವಿಸ್ ಮಾಡಿದ್ದು ಇವಳೇ, ಹೆಸರು ವಯಸ್ಸು ಊರು ಬಲ್ಲದ್ದು ಒಂದು, ರಕ್ತಪರೀಕ್ಷೆ ಬಲ್ಲದ್ದು ಒಂದು, ಔಷಧದ ದಾಸ್ತಾನು ಬಲ್ಲದ್ದು ಒಂದು, ಮತ್ತೆ ಇವಳ ಮುದ್ದಿನದು — ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬುದನ್ನು ಮಾತ್ರ ಬಲ್ಲ, ಬೇರೇನೂ ಅರಿಯದ ಒಂದು. ಅದು ವಿಜಯಪುರದ ಸರ್ವರಿನಲ್ಲಿ ಕುಳಿತಿರುತ್ತದೆ, ತಿಕೋಟಾದ ಕಂಪ್ಯೂಟರ್ ಅದನ್ನು ಕೇಳುತ್ತದೆ, ಈ ಪೇಶೆಂಟಿಗೆ ಯಾವುದು ಆಗಿಬರುವುದಿಲ್ಲ, ಅದು ಒಂದು ಯಾದಿ, ಔಷಧಗಳ ಪಟ್ಟಿ, ಕಳಿಸುತ್ತದೆ, ಯಾದಿಯಲ್ಲಿರುವ ಔಷಧಗಳು ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬರುತ್ತವೆ. ಕೇಳುವವರಿಗೂ ಹೇಳುವವರಿಗೂ ನಡುವೆ ಒಂದು ಕರಾರು ಇರುತ್ತದೆ, ಹೀಗೆ ಕೇಳಬೇಕು ಹೀಗೆ ಹೇಳಬೇಕು ಎಂದು, ಆ ಕರಾರು ಬರೆದವಳೂ ಇವಳೇ, ಚಂದ ಬರೆದಿದ್ದಳು, ಯುನುಸ ಸರ್ ಬೆನ್ನು ತಟ್ಟಿದ್ದರು, ಯಾದಿಯಲ್ಲಿ ಮೂರು ಔಷಧ ಇದ್ದರೆ ಮೂರು, ಒಂದು ಇದ್ದರೆ ಒಂದು, ಒಂದೂ ಇಲ್ಲದಿದ್ದರೆ ಖಾಲಿ ಯಾದಿ. ಗೊತ್ತಿಲ್ಲ ಎಂಬ ಉತ್ತರಕ್ಕೆ ಅದರಲ್ಲಿ ಜಾಗ ಇಟ್ಟಿರಲಿಲ್ಲ.

ಅದು ನವೆಂಬರ್, ಫೋನ್ ಬಂದದ್ದು ಬಬಲೇಶ್ವರದಿಂದ, ಡಾಕ್ಟರ್ ಸುಭಾಷ, ಒಳ್ಳೆಯ ಮನುಷ್ಯ, ಆದರೆ ಅವತ್ತು ಅವರ ತಲೆ ಕೆಟ್ಟಿತ್ತು, ಏನ್ರಿ ಮೇಡಂ, ಪರದಿ ಮ್ಯಾಲ ಚಕ್ರ ಗರಗರ ತಿರಗಾಕತ್ತೈತಿ, ಇಲ್ಲಿ ನಲವತ್ತ ಮಂದಿ ಪಾಳೆ ಹಚ್ಚಿ ನಿಂತಾರ, ನಾ ಔಷಧ ಬರೀಲ್ಯೋ ನಿಮ್ಮ ಚಕ್ರ ನೋಡ್ಕೋತ ಕೂಡ್ಲ್ಯೋ. ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ಕಡಿದುಹೋಗಿ ವಿಜಯಪುರದ ಸಂಪರ್ಕ ಹೋಗುತ್ತಿತ್ತು ಬರುತ್ತಿತ್ತು, ಇವಳ ಸರ್ವಿಸಿನಿಂದ ಉತ್ತರ ಬರುವವರೆಗೆ ಪರದೆ ಮುಂದಕ್ಕೇ ಹೋಗುತ್ತಿರಲಿಲ್ಲ, ಒಂದು ಹಂಡೆಯವನು ಮಲಗಿದರೆ ದಾವತ್ ನಿಲ್ಲಬಾರದು ಎಂದು ತಾನೇ ಅಮ್ಮಿಗೆ ಹೇಳಿದ್ದು, ಅದೇ ನಿಂತಿತ್ತು. ಸಂಜೆಯೊಳಗೆ ಏನಾದರೂ ಮಾಡು ಎಂದರು ಯುನುಸ ಸರ್. ಮಾಡಿದಳು. ನಾಲ್ಕು ಸಾಲಿನ ಕೋಡು, ಐದು ಸೆಕೆಂಡು ಕಾಯಿ, ಉತ್ತರ ಬರದಿದ್ದರೆ ಖಾಲಿ ಯಾದಿ ಕೊಟ್ಟು ಮುಂದೆ ಹೋಗು — ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು, ಇದು ಸುಳ್ಳು ಅಲ್ಲವೇ ಎಂದು ಅನಿಸಿತ್ತು, ಅನಿಸಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳು, ಅನಿಸಿತ್ತು, ಅದಕ್ಕೇ ಮೇಲೊಂದು ಸಾಲು ಬರೆದಿಟ್ಟಳು, ಆಮೇಲೆ ಸರಿ ಮಾಡಬೇಕು, ಗೊತ್ತಿಲ್ಲ ಅಂತ ತೋರಿಸಬೇಕು. ಆಮೇಲೆ ಎಂಬ ಪದ ಇಲ್ಲದಿದ್ದರೆ ಈ ದಂಧೆಯಲ್ಲಿ ಯಾರೂ ಐದೂವರೆಗೆ ಮನೆಗೆ ಹೋಗುತ್ತಿರಲಿಲ್ಲ. ಮರುದಿನ ಊಟದ ಹೊತ್ತಿಗೆ ಸಾದಿಕ ಬಂದ, ಪರದೆಯ ಕೆಲಸ ಅವನದು, ಏನು ಎಲ್ಲಿ ಯಾವ ಬಣ್ಣದಲ್ಲಿ ಕಾಣಬೇಕು ಎಂಬುದು, ಆಪಾ, ಯಾದಿ ಖಾಲಿ ಬಂದ್ರ ಪರದಿ ಮ್ಯಾಲ ಬರೇ ಬಿಳಿ ಜಾಗಾ ಕಾಣತೈತಿ, ಡಾಕ್ಟರು ಗೊಂದಲ ಮಾಡ್ಕೋತಾರ, ಖಾಲಿ ಅಂದ್ರ ಏನೂ ಅಲರ್ಜಿ ಇಲ್ಲಂತ ಹೌದಲ್ಲೋ, ಹಸಿರ ಅಕ್ಷರದಾಗ ಹಂಗ ಬರದಬಿಡ್ಲ್ಯಾ? ಇವಳ ಬಾಯಲ್ಲಿ ರೊಟ್ಟಿಯ ತುತ್ತಿತ್ತು, ಬದನೆಕಾಯಿ ಎಣ್ಣೆಗಾಯಿ, ತುಸು ಖಾರ ಹೆಚ್ಚಾಗಿತ್ತು, ಅದೂ ನೆನಪಿದೆ ನೋಡು, ಕತ್ತು ಆಡಿಸಿದಳು, ಹೌದು ಎಂದು. ಸಾದಿಕ ಕೇಳಬೇಕಾದದ್ದನ್ನು ಕೇಳಿದ್ದ, ಅವನ ತಪ್ಪು ಏನಿದೆ, ಅವನ ಪಾಲಿನ ಕೆಲಸ ಸರಿ, ಸರ್ವಿಸಿನದೂ ಕರಾರಿನ ಪ್ರಕಾರ ಸರಿ, ಕೇಬಲ್ ಕಡಿದವರು ರಸ್ತೆಯ ಕೆಲಸ ಸರಿಯಾಗಿ ಮಾಡುತ್ತಿದ್ದರು, ಎಲ್ಲರೂ ತಮ್ಮ ತಮ್ಮ ಹಂಡೆ ನೋಡಿಕೊಂಡರು, ಹಾಳೆಯಲ್ಲಿ ಬರೆದದ್ದೂ ಅದೇ, ಎಲ್ಲ ಸರ್ವಿಸ್‌ಗಳೂ ಯೋಜಿಸಿದಂತೆ ಕೆಲಸ ಮಾಡಿವೆ. ಸಾದಿಕನಿಗೆ ಆಗ ಐದು ಸೆಕೆಂಡಿನ ವಿಷಯ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ಎಣ್ಣೆಗಾಯಿ ತಿನ್ನುತ್ತಿದ್ದಳು.

ಬಸ್ಸು ನಿಂತಿತು, ಯಾರೋ ಮೂಟೆ ಹತ್ತಿಸಿದರು, ಮುಂದೆ ಹೋಯಿತು, ಬಿಸಿಲು ಆಗಲೇ ಏರಿದೆ, ಮಾರ್ಚಿನಲ್ಲೇ ಹೀಗಾದರೆ — ಕೋಡು ಹೋಗಲಿ, ಕೋಡಿನದಾದರೂ ಕ್ಷಮೆ ಇದೆಯೇನೋ, ಕೆಲಸದ ಒತ್ತಡ ಎನ್ನಬಹುದು, ಆದರೆ ಆ ಎರಡು ದಿನದ ತರಬೇತಿ? ತಿಕೋಟಾದ ಸಿಬ್ಬಂದಿಗೆ ಹೊಸ ಪರದೆ ಕಲಿಸಲು ಹೋದವಳು ಇವಳೇ, ಹೊಸ ವರ್ಷದ ಮೊದಲ ವಾರ, ಗೀತಾಂಜಲಿ ಎಲ್ಲರಿಗಿಂತ ಮುಂದೆ ಕುಳಿತಿದ್ದಳು, ನಿಡೋಣಿಯ ಹುಡುಗಿ, ಕುರಿ ಕಾಯುವ ಮನೆಯಿಂದ ಬಂದು ನರ್ಸಿಂಗ್ ಮುಗಿಸಿದವಳು, ಇಪ್ಪತ್ತಾರು ವರ್ಷ, ಎರಡು ಬಸ್ಸು ಬದಲಿಸಿ ದಿನಾ ಎಂಟಕ್ಕೆ ಹಾಜರು, ಪುಸ್ತಕದಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದಳು, ಗುಂಡಿ ಎಲ್ಲಿದೆ ಎಂಬುದರ ಚಿತ್ರ ಕೂಡ ಬಿಡಿಸಿದ್ದಳು. ಅವಳಿಗೊಂದು ಪದ್ಧತಿ ಇತ್ತು, ಸೂಜಿ ಮಾಡುವ ಮೊದಲು ಪೇಶೆಂಟಿನ ಮಣಿಕಟ್ಟು ಹಿಡಿದು ಬಾಯಲ್ಲಿ ಕೇಳುವುದು, ಅದೂ ಪುಸ್ತಕದ ಮಾತಿನಲ್ಲಲ್ಲ, ಯಮ್ಮಾ, ಹಿಂದ ಯಾವಾಗರ ಸೂಜಿ ಮಾಡಿಸಿದಾಗ ಮೈತುಂಬ ಗಾದರಿ ಎದ್ದಿದ್ದುವೇನ, ಉಸಿರ ಕಟ್ಟಿತ್ತೇನ, ತುಟಿ ಬಾತಿದ್ದುವೇನ, ನೆನಪ ಮಾಡ್ಕೊಂಡ ಹೇಳು, ಅವಸರಿಲ್ಲ. ಮುದುಕಿಯರು ನೆನಪು ಮಾಡಿಕೊಂಡು ಹೇಳುತ್ತಿದ್ದರು, ಜೊತೆಗೆ ಸೊಸೆಯ ಕತೆ, ಎಮ್ಮೆಯ ಕತೆ, ಒಬ್ಬೊಬ್ಬರಿಗೆ ಆರು ನಿಮಿಷ. ಆರು ನಿಮಿಷ ಎಂದು ಲೆಕ್ಕ ಹಾಕಿ ತೋರಿಸಿದವಳು ತಬಸ್ಸುಮ, ಬಬಲೇಶ್ವರದಲ್ಲಿ ಎರಡೂವರೆ, ತಿಕೋಟಾದಲ್ಲಿ ಆರು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಲೆಕ್ಕದ ಕಂಬಗಳ ಚಿತ್ರ ಬಿದ್ದಿತ್ತು, ತಿಕೋಟಾದ ಕಂಬ ಉದ್ದ, ಎಲ್ಲರೂ ನಕ್ಕಿದ್ದರು, ಗೀತಾಂಜಲಿಯೂ ನಾಚಿಕೊಂಡು ನಕ್ಕಿದ್ದಳು. ಸಿಸ್ಟರ್, ಮಂದಿಗೆ ನೆನಪಿರಂಗಿಲ್ಲ, ಬಾಯಿಗೆ ಬಂದದ್ದ ಹೇಳ್ತಾರ, ಕಂಪ್ಯೂಟರಿಗೆ ಮರೆವು ಇಲ್ಲ. ಹಂಗಾದ್ರ ಬಾಯಲೆ ಕೇಳೂದು ಬಿಟ್ಟಬಿಡ್ಲ್ಯಾ ಅಕ್ಕಾರ? ಬಿಟ್ಟಬಿಡ್ರಿ, ಎಲ್ಲಾ ಕಂಪ್ಯೂಟರಿನಾಗ ಐತಿ. ಎಷ್ಟು ಸಲೀಸಾಗಿ ಅಂದೆ, ಹೇಗೆ ನಗುನಗುತ್ತ ಅಂದೆ, ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು, ಕೆಳಗೆ ಗೆರೆ ಎಳೆದಳು, ನಾನು ನಿಂತು ನೋಡಿದೆ, ಖುಷಿಪಟ್ಟೆ. ಫೆಬ್ರುವರಿಯಲ್ಲಿ ತಿಕೋಟಾದ ಕಂಬವೂ ಎರಡೂವರೆಗೆ ಇಳಿಯಿತು, ಯುನುಸ ಸರ್ ಆಫೀಸಿಗೆಲ್ಲ ಪೇಢೆ ಹಂಚಿದರು.

ಪೇಢೆ ತಿಂದ ಹತ್ತನೇ ದಿನ ಗುರುಬಸವ್ವ ಬಂದಳು. ಘೋಣಸಗಿಯ ಮುದುಕಿ, ಅರವತ್ತೆರಡು ವರ್ಷ, ಕುಡುಗೋಲು ತಾಗಿ ಕಾಲು ಕೀವಾಗಿ ಜ್ವರ ಬಂದಿತ್ತು, ಮಗ ಮಾಳು ಬೈಕಿನ ಮೇಲೆ ಕೂಡಿಸಿಕೊಂಡು ತಂದಿದ್ದ, ಐದು ವರ್ಷದ ಹಿಂದೆ ವಿಜಯಪುರದ ದೊಡ್ಡ ದವಾಖಾನೆಯಲ್ಲಿ ಇದೇ ಸೂಜಿ ಮಾಡಿದಾಗ ಅವಳಿಗೆ ಉಸಿರು ಕಟ್ಟಿ ಬದುಕಿ ಬಂದದ್ದು ಸರ್ವರಿನಲ್ಲಿ ಇದೆ, ಅಚ್ಚುಕಟ್ಟಾಗಿ ಇದೆ, ತಾರೀಖು ಸಮೇತ ಇದೆ. ಅವತ್ತು ತಿಕೋಟಾದ ಹತ್ತಿರ ಮತ್ತೆ ಕೇಬಲ್ ಕಡಿದಿತ್ತು. ಹನ್ನೊಂದು ನಲವತ್ತೆರಡಕ್ಕೆ ಕಂಪ್ಯೂಟರ್ ಕೇಳಿತು, ಒಂದು ಸೆಕೆಂಡು ಎರಡು ಮೂರು ನಾಲ್ಕು ಐದು, ಖಾಲಿ ಯಾದಿ ಬಂತು, ಪರದೆಯ ಮೇಲೆ ಹಸಿರು ಅಕ್ಷರ, ಯಾವ ಅಲರ್ಜಿಯೂ ಇಲ್ಲ. ಡಾಕ್ಟರು ಬರೆದರು, ಗೀತಾಂಜಲಿ ಪರದೆ ನೋಡಿದಳು, ನೋಡಿದೆ ಎಂಬ ಗುಂಡಿ ಒತ್ತಿದಳು, ಸೂಜಿ ಮಾಡಿದಳು. ಮುದುಕಿಯ ಜೀವ ಹೋಗಲಿಲ್ಲ, ಒಂಬತ್ತು ದಿನ ವಿಜಯಪುರದಲ್ಲಿ ಯಂತ್ರದ ಉಸಿರಿನ ಮೇಲಿದ್ದು ಮನೆಗೆ ಹೋದಳು, ಹೋದ ಮೇಲೆ ಗೊತ್ತಾಯಿತು, ಮಿದುಳಿಗೆ ಗಾಳಿ ಸಾಲದೆ ಏನೇನೋ ಅಳಿಸಿಹೋಗಿದೆ ಎಂದು. ಹೋದ ಭಾನುವಾರ ತಡೆಯಲಾಗದೆ ತಬಸ್ಸುಮ ಸ್ಕೂಟಿ ತೆಗೆದುಕೊಂಡು ಘೋಣಸಗಿಗೆ ಹೋಗಿದ್ದಳು, ದವಾಖಾನಿ ಕಡಿಂದ ಬಂದೇನಿ ಅಂದಳು, ಮಾಳು ಚಾಪೆ ಹಾಸಿದ, ಬರ್ರಿ ಅಕ್ಕಾರ ಕೂಡ್ರಿ, ಮಜ್ಜಿಗೆ ತಂದುಕೊಟ್ಟ, ಗುರುಬಸವ್ವ ಕಟ್ಟೆಯ ಮೇಲೆ ಕುಳಿತು ಕೊಟ್ಟಿಗೆಯ ಕಡೆ ನೋಡುತ್ತಿದ್ದಳು, ಅವ್ವ ಎಮ್ಮಿ ಹೆಸರ ಮರತಾಳ್ರಿ, ಎಮ್ಮಿ ಮರತಿಲ್ಲ, ಅವ್ವನ್ನ ನೋಡಿ ಒದರತೈತಿ, ಈಕಿ ಯಾರದ ಎಮ್ಮಿಲೇ ಅದು ಅಂತ ನನ್ನ ಕೇಳ್ತಾಳ. ಆಮೇಲೆ ಅವನು ಹೇಳಿದ್ದು, ಕೇಳದೇ ಹೇಳಿದ್ದು, ನಾ ಅಲ್ಲೇ ನಿಂತಿದ್ನ್ರಿ ಅಕ್ಕಾರ, ಅವ್ವ ಬಾಯಿ ತೆಗದಿದ್ಳು, ಯವ್ವಾ ನನಗ ಒಂದ ಸೂಜಿ ಆಗಿ ಬರಂಗಿಲ್ಲ ಅಂತ ಹೇಳಾಕ ಹತ್ತಿದ್ಳು, ಅರ್ಧಾ ಮಾತಿನಾಗ ಸಿಸ್ಟರ್ ಅಂದ್ರು, ಎಲ್ಲಾ ಕಂಪ್ಯೂಟರಿನಾಗ ಐತಿ ಯಮ್ಮಾ ನೀ ಸುಮ್ನ ಮಕ್ಕೋ, ಅವ್ವ ಸುಮ್ಮನಾದ್ಳು. ತನ್ನ ಮಾತು, ಅಕ್ಷರಕ್ಕೆ ಅಕ್ಷರ ತನ್ನ ಮಾತು, ತಿಕೋಟಾದಿಂದ ಘೋಣಸಗಿಗೆ ಬಂದು ಚಾಪೆಯ ಮೇಲೆ ಎದುರಿಗೆ ಕೂತಿತ್ತು, ಹೇಳಬೇಕಿತ್ತು, ಆಗಲೇ ಹೇಳಬೇಕಿತ್ತು, ಮಾಳೂ ತಮ್ಮಾ ಅದು ನಾನು ಎಂದು. ಮಜ್ಜಿಗೆ ಪೂರ್ತಿ ಕುಡಿದು, ಬರ್ತೀನಿ ಅಂದು, ಎದ್ದು ಬಂದಳು.

ತಿಕೋಟಾ, ತಿಕೋಟಾ ಇಳಿಯೋರು ಬರ್ರಿ, ಇಳಿದಳು, ಕಾಲು ತಾನಾಗಿಯೇ ದಾರಿ ಹಿಡಿಯಿತು, ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ, ಹಾಳೆ ಕೊಡುವುದು, ಬಂದಿತ್ತು ಎನ್ನುವುದು, ಒಂದೇ ಪದ, ಅದರಾಚೆ ಗೀತಾಂಜಲಿಯನ್ನು ತೆಗೆದುಹಾಕುತ್ತಾರೆ, ಬರೀ ತೆಗೆಯುವುದಲ್ಲ, ನಿರ್ಲಕ್ಷ್ಯ ಎಂದು ಬರೆದು ಮೇಲಕ್ಕೆ ಕಳಿಸುತ್ತಾರಂತೆ, ಆಮೇಲೆ ಅವಳನ್ನು ಯಾವ ದವಾಖಾನೆಯೂ ಒಳಗೆ ಬಿಡುವುದಿಲ್ಲ, ಇಷ್ಟು ಓದಿದ್ದೆಲ್ಲ ನೀರಿನಲ್ಲಿ ಹೋಮ. ಇಲ್ಲ, ಹೇಳಿದರೆ? ಹೇಳಿದರೆ ಕೆಲಸ ತನ್ನದು ಹೋಗುತ್ತದೆ, ಕಂಪನಿಯದು ಹೋಗುತ್ತದೆ, ಸಾದಿಕನದೂ ಹೋಗಬಹುದು, ಅವನದೇನು ತಪ್ಪು, ಯುನುಸ ಸರ್ ಮುಖ ನೋಡುವುದು ಹೇಗೆ — ಹೀಗೆ ಅತ್ತ ಇತ್ತ ತೂಗುತ್ತ ದವಾಖಾನೆಯ ಗೇಟು ಬಂದೇಬಿಟ್ಟಿತು, ಬೇವಿನ ಗಿಡದ ಕೆಳಗೆ ಕಲ್ಲುಬೆಂಚು, ಬೆಂಚಿನ ಮೇಲೆ ಯಾರೋ ಹೆಂಗಸು, ನೀಲಿ ಸೀರೆ, ತೊಡೆಯ ಮೇಲೆ ಕೈ, ಮುಖದ ಮೇಲೆ ಕನ್ನಡಕ, ಯಾರೋ ಟೀಚರ್ ಇರಬೇಕು ಎಂದುಕೊಂಡು ದಾಟಿ ಹೋಗುತ್ತಿದ್ದಳು, ಅಕ್ಕಾರ ಅಂತ ಕರೆದಾಗ ತಿರುಗಿದಳು. ಗೀತಾಂಜಲಿ. ಯುನಿಫಾರಂ ಇಲ್ಲದೆ ಬೇರೆಯೇ ಕಾಣುತ್ತಾಳೆ, ಸಣ್ಣಗಾಗಿದ್ದಾಳೆ, ಎದ್ದು ನಿಂತು ಕೈ ಹಿಡಿದುಕೊಂಡಳು, ನೀವ ಬಂದ್ರಿ ಛಲೋ ಆತ ಅಕ್ಕಾರ, ನೀವು ಇದ್ದ್ರ ಅವರು ನನ್ನ ಭಾಳ ಬೈಯಂಗಿಲ್ಲ. ಅವಳ ಕನ್ನಡಕ ನೋಡುತ್ತ, ಚಾಳೀಸ ಯಾವಾಗ ಬಂತ್ರಿ ಸಿಸ್ಟರ್ ಎಂದು ಕೇಳಿದಳು, ಹಾಳು ಬಾಯಿ, ಕೇಳಬಾರದ್ದನ್ನೇ ಕೇಳಿತು. ಮೊನ್ನೆರಿ ಅಕ್ಕಾರ, ವಿಜಯಪುರಕ್ಕ ಹೋಗಿ ಮಾಡಿಸಿದ್ನಿ, ಆ ಸೂಜಿ ಮಾಡಿ ಇಪ್ಪತ್ತ ದಿನಾ ಆತು, ಕಣ್ಣ ಮುಚ್ಚಿದ್ರ ಆ ಪರದಿನ ಬರತೈತಿ, ಎಷ್ಟ ನೆನಪ ಮಾಡ್ಕೊಂಡ್ರೂ ನನಗ ಹಸಿರನ ಕಾಣತೈತಿ, ಆದ್ರ ನಿಮ್ಮ ಕಂಪ್ಯೂಟರ ಹೆಂಗ ತಪ್ಪ ಹೇಳೀತು, ವಿಜಯಪುರದಾಗ ತಗದ ನೋಡಿದ್ರ ಆ ಯಮ್ಮನ ಹೆಸರಿನಾಗ ಕೆಂಪ ಐತೆಂತಲ್ಲ, ಅಂದ್ರ ಕೆಂಪ ಇತ್ತು, ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕ ಕಣ್ಣ ತೋರಿಸಿದ್ನಿ, ಕಣ್ಣಿನ ಡಾಕ್ಟರ ಬಣ್ಣದ ಚುಕ್ಕಿ ಪುಸ್ತಕ ತೋರಿಸಿದ, ಎಲ್ಲಾ ಹೇಳಿದ್ನಿ, ಅಕ್ಷರ ಓದಿಸಿದ, ಓದಿದ್ನಿ, ಏನಿಲ್ಲಬೇ ಬರೇ ಪಾವ ನಂಬರ್ ಐತಿ ಚಾಳೀಸ ಬೇಕಂತಿಲ್ಲ ಅಂದ, ಇರ್ಲಿ ಕೊಡ್ರಿ ಅಂತ ನಾನ ಹಟಾ ಮಾಡಿ ತೊಗೊಂಡ್ನಿ. ಬ್ಲೌಸಿನೊಳಗಿಂದ ಮಡಿಚಿದ ಕಾಗದ ತೆಗೆದಳು, ತಪ್ಪ ಒಪ್ಗೊಂಡ ಬರದೇನ್ರಿ, ಇದನ್ನ ನೀವ ಒಂಚೂರ ಓದಿ ನೋಡ್ರಿ, ಕಂಪ್ಯೂಟರ ಅನ್ನೂದು ಕನ್ನಡದಾಗ ಸರಿ ಬರದೇನೇನ. ಹೊಸ ಕನ್ನಡಕ, ಎಡಗಡೆಯ ಗಾಜಿನ ಮೂಲೆಯಲ್ಲಿ ಅಂಗಡಿಯ ಚೀಟಿಯ ಅಂಟು ಇನ್ನೂ ಹೋಗಿರಲಿಲ್ಲ, ಅದರ ಹಿಂದೆ ಆ ಕಣ್ಣುಗಳು, ಎಲ್ಲ ಅಕ್ಷರ ಓದುವ ಕಣ್ಣುಗಳು, ತಬಸ್ಸುಮ ಕಾಗದವನ್ನು ಓದದೆ ಮತ್ತೆ ಮಡಿಚಿ ಹಿಡಿದುಕೊಂಡಳು, ಒಳಗಿನಿಂದ ಯಾರೋ ಇಬ್ಬರನ್ನೂ ಕರೆದರು.

ಒಳಗೆ ಫ್ಯಾನು ಸದ್ದು ಮಾಡುತ್ತಿತ್ತು, ಮೇಜಿನಾಚೆ ಆರತಿ ಮೇಡಂ, ವಿಜಯಪುರದ ಆಡಳಿತಾಧಿಕಾರಿ, ಪಕ್ಕದಲ್ಲಿ ಇಬ್ಬರು ಡಾಕ್ಟರರು, ಗೋಡೆಗೆ ಲಸಿಕೆಯ ವೇಳಾಪಟ್ಟಿ, ಗೀತಾಂಜಲಿಗೆ ಬಾಗಿಲ ಹತ್ತಿರದ ಕುರ್ಚಿ, ತಬಸ್ಸುಮಳಿಗೆ ಮೇಜಿನ ಹತ್ತಿರದ್ದು, ನೀರು ಕೊಟ್ಟರು, ಇವಳಿಗಷ್ಟೇ ಕೊಟ್ಟರು. ಹಾಳೆ ಓದಿ ಮುಗಿಸಿದ ಆರತಿ ಮೇಡಂ, ನಿಮಗ ಭಾಳ ತ್ರಾಸ ಕೊಡಂಗಿಲ್ಲ, ಒಂದ ಪ್ರಶ್ನಿ, ಅವತ್ತ ಹನ್ನೊಂದ ನಲವತ್ತೆರಡಕ್ಕ ಯಾದಿ ಪರದಿಗೆ ಬಂದಿತ್ತೋ ಇಲ್ಲೋ, ಹೌದು ಇಲ್ಲ ಅಷ್ಟ ಹೇಳ್ರಿ. ಯುನುಸ ಸರ್ ಬಲ್ಲವರು, ಅವರು ಹೇಳಿದ ಪ್ರಶ್ನೆಯೇ, ಅಕ್ಷರವೂ ತಪ್ಪಲಿಲ್ಲ. ಬಾಗಿಲ ಕಡೆ ನೋಡಬಾರದೆಂದುಕೊಂಡಳು, ನೋಡಿದಳು, ಕನ್ನಡಕ ಇವಳ ಕಡೆಗೇ ತಿರುಗಿತ್ತು, ಫ್ಯಾನಿನ ರೆಕ್ಕೆಗಳು ಅದರಲ್ಲಿ ತಿರುಗುತ್ತಿದ್ದವು, ಬಂದಿತ್ತ್ರಿ ಎಂದಳು, ಆರತಿ ಮೇಡಂ ಬರೆದುಕೊಳ್ಳಲು ಪೆನ್ನು ಎತ್ತಿದರು, ಖಾಲಿ ಬಂದಿತ್ತ್ರಿ ಎಂದಳು, ಪೆನ್ನು ನಿಂತಿತು. ಆಮೇಲೆ ಅದು ತಾನಾಗಿ ಬಂತು, ಕರಾರು, ಕೇಬಲ್, ಐದು ಸೆಕೆಂಡು, ಉತ್ತರ ಬರಲಿಲ್ಲಂದ್ರ ಖಾಲಿ ಯಾದಿ ಕೊಡು ಅಂತ ಬರದಾಕಿ ನಾನ್ರಿ, ಖಾಲಿ ಅಂದ್ರ ಹಸಿರ ತೋರಸು ಅಂತ ಕತ್ತ ಆಡಿಸಿದಾಕೀನೂ ನಾನ, ಆ ಪರದಿ ಮ್ಯಾಲ ಕೆಂಪ ಅಕ್ಷರ ಇರಲೇ ಇಲ್ಲ, ಯಾರ ಕಣ್ಣಿಗೂ ಬೀಳ್ತಿರಲಿಲ್ಲ, ಸಿಸ್ಟರ್ ಬಾಯಲೆ ಕೇಳ್ತಿದ್ರು, ಕೇಳಬ್ಯಾಡ್ರಿ ಅಂತ ಬಿಡಿಸಿದಾಕಿ ನಾನು. ಡಾಕ್ಟರರಲ್ಲಿ ಒಬ್ಬರು ನೀವ ಏನ ಹೇಳಾಕತ್ತೀರಿ ಗೊತ್ತೈತಿಲ್ಲ ಎಂದರು, ಗೊತ್ತೈತ್ರಿ, ಇದನ್ನ ಬರಕೊಡ್ತೀರೇನ, ಕೊಡ್ತೇನ್ರಿ, ಮೊಬೈಲು ಬ್ಯಾಗಿನೊಳಗೆ ಗುಂಯ್ ಅನ್ನತೊಡಗಿತು, ಯುನುಸ ಸರ್ ಇರಬೇಕು, ಮುಗೀತೇನ ಬೇಟಾ ಎಂದು ಕೇಳಲು, ಇರಲಿ, ಈಗ ಬೈಗುಳ ಬರುತ್ತದೆ, ಬಾಗಿಲ ಕಡೆಯಿಂದ ಬರುತ್ತದೆ, ಬರಲಿ, ಕುರ್ಚಿ ಎತ್ತಿ ಒಗೆಯಲಿ, ಇಪ್ಪತ್ತು ದಿನ ನನ್ನ ಕೊಂದಿಯಲ್ಲ ಎನ್ನಲಿ, ತಬಸ್ಸುಮ ಕಾದಳು, ಕಾಯುತ್ತ ಅತ್ತ ತಿರುಗಿದಳು. ಗೀತಾಂಜಲಿ ಕನ್ನಡಕ ತೆಗೆದಿದ್ದಳು. ಕೈಯಲ್ಲಿ ಹಿಡಿದುಕೊಂಡು ಎದುರು ಗೋಡೆಯ ಲಸಿಕೆಯ ಪಟ್ಟಿಯನ್ನು ಓದುತ್ತಿದ್ದಳು, ಮೇಲಿನ ದೊಡ್ಡ ಅಕ್ಷರ, ಕೆಳಗಿನ ಸಣ್ಣದು, ಅದಕ್ಕೂ ಕೆಳಗೆ ಅಚ್ಚಿನ ಮನೆಯ ಹೆಸರು, ತುಟಿ ಅಲ್ಲಾಡುತ್ತಿತ್ತು, ಪೂರ್ತಿ ಓದಿ ಮುಗಿಸಿ ಇವಳ ಕಡೆ ತಿರುಗಿದಳು, ಸಿಟ್ಟಿಲ್ಲ, ಸಿಟ್ಟು ಇನ್ನೂ ಬಂದಿಲ್ಲ, ಹಂಗಾದ್ರ ನನ್ನ ಕಣ್ಣ ಛಲೋ ಅದಾವೇನ್ರಿ ಅಕ್ಕಾರ ಎಂದು ಕೇಳಿದಳು, ಅದಾವ ಎನ್ನಬೇಕು, ಮೊದಲಿಂದಲೂ ಛಲೋ ಅದಾವ ತಂಗಿ ಎನ್ನಬೇಕು, ಆರತಿ ಮೇಡಂ ಏನೋ ಕೇಳುತ್ತಿದ್ದಾರೆ, ಮೊಬೈಲು ಮತ್ತೆ ಗುಂಯ್ ಅನ್ನುತ್ತಿದೆ, ಅದಾವ ಎನ್ನಬೇಕು, ಬಾಯಿ ತೆರೆದಳು, ಗೀತಾಂಜಲಿಯ ಮೂಗಿನ ಈ ಬದಿಗೊಂದು ಆ ಬದಿಗೊಂದು, ಕನ್ನಡಕ ಒತ್ತಿದಲ್ಲಿ, ಕೆಂಪು, ಎರಡು ಕೆಂಪು ಗುರುತು.